ಔಷಧದಾನ ಮತ್ತು ಅನರ್ಥದಂಡ: ನವಜಾತ ಶಿಶುಚಿಕಿತ್ಸೆಯ ಇತಿಹಾಸದಿಂದ ಒಂದು ಪಾಠ

ಕನ್ನಡ ನಾಡಿನ ಜೈನ ಶಾಸನಗಳು ದಾನಿಗಳನ್ನು ಕೊಂಡಾಡುವಾಗ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಮತ್ತೆ ಮತ್ತೆ ಹೆಸರಿಸುತ್ತವೆ. ಹಸಿದವರಿಗೆ ಅನ್ನ, ಅಂಜಿದವರಿಗೆ ಅಭಯ, ರೋಗಿಗಳಿಗೆ ಮದ್ದು, ಅರಿಯಬಯಸುವವರಿಗೆ ಶಾಸ್ತ್ರ: ಈ ನಾಲ್ಕನ್ನೂ ಕೈಲಾದ ಮಟ್ಟಿಗೆ ನಡೆಸಿಕೊಂಡು ಬರುವುದು ಶ್ರಾವಕನ ನಿತ್ಯಧರ್ಮವೆಂದು ನಮ್ಮ ಹಿರಿಯರು ಬಗೆದರು. ಬಡರೋಗಿಗಳ ಔಷಧದ ವೆಚ್ಚವನ್ನು ಭರಿಸುವುದು, ಆಸ್ಪತ್ರೆಗಳಿಗೆ ಉಪಕರಣಗಳನ್ನು ಕೊಡಿಸುವುದು ಇಂದಿಗೂ ನಮ್ಮ ಸಮಾಜದಲ್ಲಿ ನಿಂತಿಲ್ಲ. ಮದ್ದು ಕೊಡುವುದು ಪುಣ್ಯಕಾರ್ಯವೆಂಬುದರಲ್ಲಿ ನಮಗೆ ಸಂದೇಹವೇ ಇಲ್ಲ.

ಆದರೆ ಅದೇ ಶ್ರಾವಕಾಚಾರವು ಅನರ್ಥದಂಡ ವಿರತಿ ಎಂಬ ಇನ್ನೊಂದು ವ್ರತವನ್ನೂ ವಿಧಿಸಿದೆ. ಪ್ರಯೋಜನವಿಲ್ಲದೆ ಅನ್ಯಜೀವಿಗಳಿಗೆ ಪೀಡೆಯುಂಟುಮಾಡುವುದೇ ಅನರ್ಥದಂಡ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದರ ಐದು ಭೇದಗಳನ್ನು ಎಣಿಸಿದ್ದಾರೆ. ಅವುಗಳಲ್ಲಿ ಪ್ರಮಾದಚರ್ಯೆ ಎಂಬುದು ಒಂದು. ಕಾರಣವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಹೊತ್ತಿಸುವುದು, ಗಿಡವನ್ನು ಕಡಿಯುವುದು ಇವೆಲ್ಲ ಇದರೊಳಗೆ ಬರುತ್ತವೆ. ಇವುಗಳನ್ನು ಮಾಡುವವನಲ್ಲಿ ದ್ವೇಷವಿರುವುದಿಲ್ಲ, ಕೊಲ್ಲಬೇಕೆಂಬ ಸಂಕಲ್ಪವೂ ಇರುವುದಿಲ್ಲ. ಅಗತ್ಯವುಂಟೇ ಎಂದು ಒಂದು ಕ್ಷಣ ಯೋಚಿಸದಿರುವುದೇ ಅವನ ದೋಷ.

ಹಾಗಾದರೆ ಮದ್ದು ಕೊಡುವ ಕಾರ್ಯವೂ ಒಮ್ಮೊಮ್ಮೆ ಅನರ್ಥದಂಡವಾಗಬಲ್ಲುದೇ? ಈ ಪ್ರಶ್ನೆ ಕೇಳಿದೊಡನೆ ವಿಚಿತ್ರವೆನಿಸಬಹುದು. ಆದರೆ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳಿಗೆ ಪ್ರತಿಜೀವಕ ಔಷಧಗಳನ್ನು, ಅಂದರೆ ದಿನಬಳಕೆಯಲ್ಲಿ ನಾವು ಆಂಟಿಬಯಾಟಿಕ್ ಎನ್ನುವ ಮದ್ದುಗಳನ್ನು, ಬಳಸುತ್ತ ಬಂದ ಇತಿಹಾಸವನ್ನು ನೋಡಿದರೆ ಈ ಪ್ರಶ್ನೆಯ ಗಾಂಭೀರ್ಯ ಮನವರಿಕೆಯಾಗುತ್ತದೆ. ಪ್ರಾಣ ಉಳಿಸಿದ ಔಷಧವೇ ಪ್ರಾಣ ತೆಗೆದ, ಪ್ರೀತಿಯಿಂದಲೇ ಹಾನಿಯಾದ, ಕೊನೆಗೆ ಎಣಿಸಿ ನೋಡುವ ತಾಳ್ಮೆಯಿಂದ ಸತ್ಯ ಹೊರಬಿದ್ದ ಕಥೆ ಅದು.

ಮದ್ದಿಲ್ಲದ ಕಾಲ

ಮೊದಲು ಈ ಔಷಧಗಳಿಗೆ ಸಲ್ಲಬೇಕಾದ ಕೃತಜ್ಞತೆಯನ್ನು ಸಲ್ಲಿಸಬೇಕು. ನವಜಾತ ಶಿಶುವಿನ ರಕ್ತಕ್ಕೆ ಸೋಂಕು ಹರಡಿದರೆ ಅದನ್ನು ರಕ್ತನಂಜು ಎನ್ನುತ್ತಾರೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 1928ರಿಂದ ಇಂತಹ ಶಿಶುಗಳ ಲೆಕ್ಕವನ್ನು ಬಿಡದೆ ಇಡಲಾಗಿದೆ. ಆ ಆರಂಭದ ವರ್ಷಗಳಲ್ಲಿ ರಕ್ತನಂಜಿಗೆ ಗುರಿಯಾದ ನೂರು ಶಿಶುಗಳಲ್ಲಿ 87 ಸಾಯುತ್ತಿದ್ದವು. ವೈದ್ಯರಿದ್ದರು, ದಾದಿಯರಿದ್ದರು, ಶುಭ್ರವಾದ ಹಾಸಿಗೆಯಿತ್ತು. ಆದರೆ ಸೋಂಕಿಗೆ ಮದ್ದಿರಲಿಲ್ಲ. 2003ರ ವೇಳೆಗೆ ಅದೇ ಆಸ್ಪತ್ರೆಯಲ್ಲಿ ಈ ಸಂಖ್ಯೆ ನೂರಕ್ಕೆ 3ಕ್ಕೆ ಇಳಿದಿತ್ತು.

ಈ ಬದಲಾವಣೆಗೆ ಕಾರಣಗಳು ಹಲವು. ಶಿಶುಗಳ ಆರೈಕೆಯ ವಿಧಾನಗಳೆಲ್ಲವೂ ಸುಧಾರಿಸಿದವು. ಆದರೂ ಪ್ರತಿಜೀವಕಗಳ ಪಾಲು ಅದರಲ್ಲಿ ದೊಡ್ಡದು. 1930ರ ದಶಕದಲ್ಲಿ ಜರ್ಮನಿಯಿಂದ ಸಲ್ಫಾ ಔಷಧಗಳು ಬಂದವು. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಗುರುತಿಸಿದ ಪೆನಿಸಿಲಿನ್, ಆಕ್ಸ್‌ಫರ್ಡಿನ ಫ್ಲೋರಿ ಮತ್ತು ಚೇನ್ ಅವರ ಶ್ರಮದಿಂದ 1940ರ ದಶಕದಲ್ಲಿ ರೋಗಿಗಳ ಕೈಸೇರಿತು. 1943ರಲ್ಲಿ ಸ್ಟ್ರೆಪ್ಟೊಮೈಸಿನ್, 1947ರಲ್ಲಿ ಕ್ಲೋರಾಂಫೆನಿಕಾಲ್ ಬೆಳಕಿಗೆ ಬಂದವು. ನಿನ್ನೆಯವರೆಗೆ ಕೈಕಟ್ಟಿ ನಿಂತಿದ್ದ ವೈದ್ಯನಿಗೆ ಹತ್ತೇ ವರ್ಷಗಳಲ್ಲಿ ಅಸ್ತ್ರಗಳ ಭಂಡಾರವೇ ದೊರೆತಂತಾಯಿತು.

ಭಂಡಾರ ತುಂಬಿದಾಗ ಮನುಷ್ಯನ ಮನಸ್ಸು ಹೇಗೆ ವರ್ತಿಸುತ್ತದೆಂಬುದು ನಮಗೆ ತಿಳಿಯದ್ದೇನಲ್ಲ. ದಿನ ತುಂಬದೆ ಹುಟ್ಟಿದ ಶಿಶುವಿಗೆ ಸೋಂಕು ತಗಲುವ ಅಪಾಯ ಹೆಚ್ಚು. ತಗಲಿದ ಮೇಲೆ ಮದ್ದು ಕೊಡುವುದಕ್ಕಿಂತ ತಗಲುವ ಮೊದಲೇ ಕೊಟ್ಟರೆ ಒಳ್ಳೆಯದಲ್ಲವೇ? ಮದ್ದಿನಿಂದ ಒಳಿತಾಗದಿದ್ದರೂ ಕೆಡುಕಂತೂ ಆಗಲಾರದು. ಹೀಗೆ ಯೋಚಿಸಿ 1950ರ ದಶಕದಲ್ಲಿ ಅಮೆರಿಕದ ಅನೇಕ ಆಸ್ಪತ್ರೆಗಳು ಸೋಂಕಿನ ಲಕ್ಷಣವೇ ಇಲ್ಲದ ಶಿಶುಗಳಿಗೂ ಮುನ್ನೆಚ್ಚರಿಕೆಯೆಂದು ಪ್ರತಿಜೀವಕಗಳನ್ನು ಕೊಡತೊಡಗಿದವು. ಮುಂದಿನ ಎರಡು ಘಟನೆಗಳು ನಡೆದದ್ದು ಇಂತಹ ಆಸ್ಪತ್ರೆಗಳಲ್ಲಿ.

ನ್ಯೂಯಾರ್ಕ್, 1953–1956

ನ್ಯೂಯಾರ್ಕ್ ನಗರದ ಬೇಬೀಸ್ ಆಸ್ಪತ್ರೆಯಲ್ಲಿ ದಿನ ತುಂಬದ ಶಿಶುಗಳಿಗೆ ಪೆನಿಸಿಲಿನ್ ಜೊತೆಗೆ ಸಲ್ಫಿಸಾಕ್ಸಜೋಲ್ ಎಂಬ ಸಲ್ಫಾ ಔಷಧವನ್ನು ಕೊಡುವುದು ರೂಢಿಯಾಗಿತ್ತು. ಅದರ ಬದಲಿಗೆ ಆಕ್ಸಿಟೆಟ್ರಾಸೈಕ್ಲಿನ್ ಎಂಬ ಹೊಸ ಔಷಧವನ್ನು ಕೊಡಬಹುದೇ ಎಂಬ ವಿಚಾರ ಬಂತು. ವಿಲಿಯಂ ಸಿಲ್ವರ್‌ಮನ್ ಮತ್ತು ಅವರ ಸಹೋದ್ಯೋಗಿಗಳು ಊಹೆಯ ಮೇಲೆ ನಿರ್ಧರಿಸದೆ, ಶಿಶುಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಹಳೆಯ ಔಷಧಗಳನ್ನೂ ಇನ್ನೊಂದಕ್ಕೆ ಹೊಸದನ್ನೂ ಕೊಟ್ಟು, ಫಲಿತಾಂಶವನ್ನು ಎಣಿಸಿದರು.

1956ರಲ್ಲಿ ಪ್ರಕಟವಾದ ಆ ಫಲಿತಾಂಶ ಯಾರೂ ನಿರೀಕ್ಷಿಸದ್ದಾಗಿತ್ತು. ರೂಢಿಯಲ್ಲಿದ್ದ, ಎಲ್ಲರೂ ನಂಬಿದ್ದ ಹಳೆಯ ಔಷಧವನ್ನು ಪಡೆದ ಗುಂಪಿನಲ್ಲೇ ಸಾವುಗಳು ಹೆಚ್ಚು. ಮರಣೋತ್ತರ ಪರೀಕ್ಷೆಯಲ್ಲಿ ಆ ಶಿಶುಗಳ ಮಿದುಳಿನ ಕೆಲವು ಭಾಗಗಳು ಹಳದಿಗಟ್ಟಿದ್ದವು. ಕಾಮಾಲೆಯ ವಿಷ ಮಿದುಳಿಗೇರಿ ಉಂಟಾಗುವ ಘೋರವಾದ ಸ್ಥಿತಿ ಅದು.

ಕಾರಣ ಆಮೇಲೆ ತಿಳಿಯಿತು. ಹುಟ್ಟಿದ ಶಿಶುವಿನ ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ದ್ರವ್ಯ ಸಹಜವಾಗಿಯೇ ಹೆಚ್ಚಿರುತ್ತದೆ. ರಕ್ತದಲ್ಲಿರುವ ಆಲ್ಬುಮಿನ್ ಎಂಬ ಸಸಾರಜನಕವು ಅದನ್ನು ಹಿಡಿದಿಟ್ಟುಕೊಂಡು ಮಿದುಳಿಗೆ ಹೋಗದಂತೆ ಕಾಯುತ್ತದೆ. ಸಲ್ಫಾ ಔಷಧ ಬಂದು ಆಲ್ಬುಮಿನ್ ಮೇಲಿನ ಸ್ಥಾನವನ್ನು ತಾನು ಆಕ್ರಮಿಸುತ್ತದೆ. ಸ್ಥಾನ ಕಳೆದುಕೊಂಡ ಬಿಲಿರುಬಿನ್ ಮಿದುಳನ್ನು ಸೇರುತ್ತದೆ. ಸೋಂಕಿಗೆಂದು ಕೊಟ್ಟ ಮದ್ದು ಸೋಂಕಿಗೆ ಸಂಬಂಧವೇ ಇಲ್ಲದ ದಾರಿಯಿಂದ ಶಿಶುವನ್ನು ಕೊಂದಿತ್ತು. ಹೋಲಿಸಿ ನೋಡುವವರೆಗೆ ಆ ಸಾವುಗಳೆಲ್ಲ ದಿನ ತುಂಬದೆ ಹುಟ್ಟಿದ್ದರ ಫಲವೆಂದೇ ಎಣಿಸಲ್ಪಟ್ಟಿದ್ದವು.

ಲಾಸ್ ಏಂಜಲೀಸ್, 1959

ಎರಡನೆಯ ಘಟನೆ ಇನ್ನೂ ಮನಕಲಕುವಂಥದು. 1950ರ ದಶಕದಲ್ಲಿ ಆಸ್ಪತ್ರೆಗಳ ಶಿಶುವಾರ್ಡುಗಳಲ್ಲಿ ಪೆನಿಸಿಲಿನ್‌ಗೆ ಬಗ್ಗದ ಸ್ಟೆಫೈಲೊಕಾಕಸ್ ಏಕಾಣುಜೀವಿಗಳು ಹರಡಿದ್ದವು. ಕ್ಲೋರಾಂಫೆನಿಕಾಲ್ ಅವುಗಳಿಗೆ ಪರಿಣಾಮಕಾರಿಯೆಂದು ಹೆಸರಾಗಿತ್ತು. ಟೈಫಾಯ್ಡ್ ಜ್ವರಕ್ಕೆ ನಮ್ಮ ಮನೆಗಳ ಹಿರಿಯರು ಬಹುಕಾಲ ನುಂಗಿದ ಮದ್ದು ಇದೇ. ಲಾಸ್ ಏಂಜಲೀಸ್ ಕೌಂಟಿ ಆಸ್ಪತ್ರೆಯ ಬರ್ನ್ಸ್, ಹಾಡ್ಜ್‌ಮನ್ ಮತ್ತು ಕಾಸ್ ಎಂಬ ಮೂವರು ವೈದ್ಯರು, ಹೆರಿಗೆಗೆ 24 ಗಂಟೆಗಳಿಗೂ ಮೊದಲೇ ತಾಯಿಯ ನೀರುಚೀಲ ಒಡೆದು ದಿನ ತುಂಬದೆ ಹುಟ್ಟಿದ ಶಿಶುಗಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿದರು. ಮೊದಲ ಗುಂಪಿಗೆ ಯಾವ ಪ್ರತಿಜೀವಕವೂ ಇಲ್ಲ. ಎರಡನೆಯದಕ್ಕೆ ಕ್ಲೋರಾಂಫೆನಿಕಾಲ್. ಮೂರನೆಯದಕ್ಕೆ ಪೆನಿಸಿಲಿನ್ ಮತ್ತು ಸ್ಟ್ರೆಪ್ಟೊಮೈಸಿನ್. ನಾಲ್ಕನೆಯದಕ್ಕೆ ಈ ಮೂರೂ.

ಮದ್ದೇ ಕೊಡದ ಗುಂಪಿನಲ್ಲಿ ಸುಮಾರು ಐದರಲ್ಲಿ ಒಂದು ಶಿಶು ತೀರಿಕೊಂಡಿತು. ಪೆನಿಸಿಲಿನ್ ಮತ್ತು ಸ್ಟ್ರೆಪ್ಟೊಮೈಸಿನ್ ಪಡೆದ ಗುಂಪಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಆದರೆ ಕ್ಲೋರಾಂಫೆನಿಕಾಲ್ ಪಡೆದ ಎರಡು ಗುಂಪುಗಳಲ್ಲಿ ಅರ್ಧಕ್ಕಿಂತ ಎಷ್ಟೋ ಹೆಚ್ಚು ಶಿಶುಗಳು, ಹತ್ತರಲ್ಲಿ ಆರಕ್ಕೂ ಮಿಗಿಲಾಗಿ, ಸಾವಿಗೀಡಾದವು. ಆ ಸಾವುಗಳಿಗೆ ಒಂದೇ ಬಗೆಯ ಲಕ್ಷಣವಿತ್ತು. ಮದ್ದು ಆರಂಭಿಸಿದ ಕೆಲವು ದಿನಗಳಲ್ಲಿ ಶಿಶು ಹಾಲನ್ನು ಬಿಡುತ್ತಿತ್ತು, ಹೊಟ್ಟೆ ಉಬ್ಬರಿಸುತ್ತಿತ್ತು, ಮೈ ತಣ್ಣಗಾಗಿ ಬೂದುಬಣ್ಣಕ್ಕೆ ತಿರುಗುತ್ತಿತ್ತು. ರಕ್ತಸಂಚಾರ ಕುಸಿದು ಪ್ರಾಣ ಹೋಗುತ್ತಿತ್ತು. ಆ ಬಣ್ಣದಿಂದಲೇ ವೈದ್ಯಲೋಕ ಈ ಸ್ಥಿತಿಗೆ ಹೆಸರಿಟ್ಟಿತು.

ಇದರ ಕಾರಣವೂ ಮರುವರ್ಷವೇ ಸ್ಪಷ್ಟವಾಯಿತು. ದೊಡ್ಡವರ ಯಕೃತ್ತು ಕ್ಲೋರಾಂಫೆನಿಕಾಲನ್ನು ಮಾರ್ಪಡಿಸಿ ಹೊರಹಾಕುತ್ತದೆ. ನವಜಾತ ಶಿಶುವಿನ ಯಕೃತ್ತಿಗೆ ಆ ಶಕ್ತಿ ಇನ್ನೂ ಬಂದಿರುವುದಿಲ್ಲ, ಮೂತ್ರಪಿಂಡಗಳೂ ಬಲಿತಿರುವುದಿಲ್ಲ. ಒಂದರ ಮೇಲೊಂದು ಕೊಟ್ಟ ಪ್ರಮಾಣಗಳು ದೇಹದಲ್ಲೇ ಸೇರುತ್ತ ಹೋಗಿ ವಿಷದ ಮಟ್ಟಕ್ಕೇರುತ್ತವೆ. ಶಿಶುವೆಂದರೆ ಕುಗ್ಗಿಸಿದ ದೊಡ್ಡ ಮನುಷ್ಯನಲ್ಲ, ಅದರ ದೇಹದ ನಿಯಮವೇ ಬೇರೆ ಎಂಬ ಪಾಠ ವೈದ್ಯಶಾಸ್ತ್ರಕ್ಕೆ ದೊರೆತದ್ದು ಇಷ್ಟು ಬೆಲೆ ತೆತ್ತ ಮೇಲೆ.

ದೋಷ ಎಲ್ಲಿ?

ಈ ವೈದ್ಯರನ್ನು ಹಿಂಸಕರೆನ್ನಬಹುದೇ? ಎನ್ನಲಾಗದು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಂದನ್ನೇ ಹೇಳದೆ ಅದರ ಹಿಂದಿರುವ ಪ್ರಮಾದವನ್ನು ಮುಂದಿಟ್ಟಿದ್ದಾರೆ. ಎಚ್ಚರದಿಂದ ಹೆಜ್ಜೆಯಿಡುವ ಮುನಿಯ ಕಾಲಡಿಗೆ ಅಕಸ್ಮಾತ್ತಾಗಿ ಜೀವಿಯೊಂದು ಸಿಕ್ಕಿದರೆ ಅದು ಒಂದು ಮಾತು. ನೋಡದೆ ನಡೆಯುವವನ ಮಾತು ಬೇರೆ. ನ್ಯೂಯಾರ್ಕ್ ಮತ್ತು ಲಾಸ್ ಏಂಜಲೀಸ್‌ನ ವೈದ್ಯರು ನೋಡಿ ನಡೆದವರು. ತಮ್ಮ ಚಿಕಿತ್ಸೆಯನ್ನು ತಾವೇ ಸಂಶಯಿಸಿ, ಗುಂಪುಗಳನ್ನು ಹೋಲಿಸಿ, ತಮಗೆ ಕಹಿಯಾದ ಫಲಿತಾಂಶವನ್ನು ಮುಚ್ಚಿಡದೆ ಲೋಕಕ್ಕೆ ತಿಳಿಸಿದರು. ಅವರು ಎಣಿಸದೆ ಹೋಗಿದ್ದರೆ ಇನ್ನೆಷ್ಟು ಆಸ್ಪತ್ರೆಗಳಲ್ಲಿ ಇನ್ನೆಷ್ಟು ವರ್ಷ ಆ ಔಷಧಗಳು ಸದ್ದಿಲ್ಲದೆ ಕೊಲ್ಲುತ್ತಿದ್ದವೋ! ಈ ಎಚ್ಚರವನ್ನೇ ನಾವು ಯತ್ನಾಚಾರ ಎನ್ನುತ್ತೇವೆ.

ದೋಷವಿದ್ದದ್ದು ಆ ಕಾಲದ ಸಾಮಾನ್ಯ ನಂಬಿಕೆಯಲ್ಲಿ. ಮದ್ದು ಕೊಡುವುದು ಯಾವಾಗಲೂ ಸುರಕ್ಷಿತ, ಕೊಡದಿರುವುದಷ್ಟೇ ಅಪಾಯ ಎಂಬುದೇ ಆ ನಂಬಿಕೆ. ಭಯವು ದಯೆಯ ವೇಷ ತೊಟ್ಟು ಬಂದಾಗ ಅದನ್ನು ಗುರುತಿಸುವುದು ಕಷ್ಟ. ಶಿಶುವಿಗೆ ಏನಾದೀತೋ ಎಂಬ ಭಯ, ನಾಳೆ ನಮ್ಮನ್ನು ಯಾರು ದೂರುವರೋ ಎಂಬ ಭಯ, ಎಲ್ಲರೂ ಕೊಡುತ್ತಿರುವಾಗ ನಾವು ಕೊಡದಿದ್ದರೆ ಹೇಗೆಂಬ ಭಯ ಒಟ್ಟುಗೂಡಿ ಅಗತ್ಯವಿಲ್ಲದ ಔಷಧವನ್ನು ಅಗತ್ಯವೆಂದು ತೋರಿಸುತ್ತವೆ.

ಭಯ ಉಳಿದೇ ಇತ್ತು

ಕ್ಲೋರಾಂಫೆನಿಕಾಲನ್ನು ನವಜಾತ ಶಿಶುಗಳಿಗೆ ಮನಬಂದಂತೆ ಕೊಡುವುದು ನಿಂತಿತು. ಅದರ ಸ್ಥಾನಕ್ಕೆ 1961ರಲ್ಲಿ ಬಂದ ಆಂಪಿಸಿಲಿನ್, 1963ರಲ್ಲಿ ಕಂಡುಕೊಂಡ ಜೆಂಟಾಮೈಸಿನ್ ಬಂದವು. ಈ ಜೋಡಿ ಇಂದಿಗೂ ನವಜಾತ ಶಿಶುವಿನ ಸೋಂಕಿಗೆ ಮೊದಲ ಚಿಕಿತ್ಸೆಯಾಗಿ ಉಳಿದಿದೆ. ಲೆಕ್ಕ ಹಿಡಿದು ಕೊಟ್ಟರೆ ಇವು ಹಳೆಯವಕ್ಕಿಂತ ಎಷ್ಟೋ ಸುರಕ್ಷಿತ. ಆದರೆ ಭಯ ಮಾತ್ರ ಹೋಗಲಿಲ್ಲ.

ಆ ಭಯಕ್ಕೆ ಕಾರಣವುಂಟು. ಶಿಶು ಬಾಯಿಬಿಟ್ಟು ಹೇಳಲಾರದು. ಹಾಲು ಕುಡಿಯದಿರುವುದು, ಮಂಕಾಗುವುದು, ಮೈ ತಣ್ಣಗಾಗುವುದು, ಉಸಿರು ವೇಗವಾಗುವುದು ಇವು ರಕ್ತನಂಜಿನ ಲಕ್ಷಣಗಳು. ಚಳಿ ತಗಲಿದರೂ, ರಕ್ತದಲ್ಲಿ ಸಕ್ಕರೆ ಇಳಿದರೂ, ದಿನ ತುಂಬದೆ ಹುಟ್ಟಿದ್ದರೂ ಇವೇ ಲಕ್ಷಣಗಳು ತೋರುತ್ತವೆ. ನಿಜವಾದ ರಕ್ತನಂಜಾಗಿದ್ದರೆ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಕುತ್ತು. ಆದ್ದರಿಂದ ಸಂಶಯ ಬಂದೊಡನೆ ರಕ್ತವನ್ನು ಕಲ್ಚರ್ ಪರೀಕ್ಷೆಗೆ ಕಳಿಸಿ ಔಷಧ ಆರಂಭಿಸುವುದು ಸರಿಯಾದ ಕ್ರಮವೇ. ಅದನ್ನು ಯಾರೂ ಆಕ್ಷೇಪಿಸಬಾರದು.

ಪ್ರಶ್ನೆ ಏಳುವುದು ಅನಂತರ. ರಕ್ತದಲ್ಲಿ ಸೋಂಕಿದ್ದರೆ ಬಹುಪಾಲು 36ರಿಂದ 48 ಗಂಟೆಗಳೊಳಗೆ ಕಲ್ಚರ್‌ನಲ್ಲಿ ಏಕಾಣುಜೀವಿಗಳು ಬೆಳೆದು ಕಾಣಿಸಿಕೊಳ್ಳುತ್ತವೆ. ಏನೂ ಬೆಳೆಯಲಿಲ್ಲ, ಶಿಶುವೂ ಚೇತರಿಸಿಕೊಂಡಿದೆ ಎಂದಾದಾಗ ಔಷಧವನ್ನು ನಿಲ್ಲಿಸಬೇಕೇ, ಇರಲಿ ಎಂದು ಏಳು ದಿನ, ಹತ್ತು ದಿನ ಮುಂದುವರಿಸಬೇಕೇ? ಎಷ್ಟೋ ಕಡೆಗಳಲ್ಲಿ ಮುಂದುವರಿಸುವುದೇ ಪದ್ಧತಿಯಾಯಿತು.

ಇದರ ಪರಿಣಾಮವನ್ನು ಎಣಿಸಿದವರು ಮತ್ತೆ ಕಾಣಿಸಿಕೊಂಡರು. 2009ರಲ್ಲಿ ಅಮೆರಿಕದ 19 ಕೇಂದ್ರಗಳ ಅತ್ಯಂತ ಕಡಿಮೆ ತೂಕದ ಶಿಶುಗಳ ದಾಖಲೆಗಳನ್ನು ಪರಿಶೀಲಿಸಿದಾಗ, ಕಲ್ಚರ್‌ನಲ್ಲಿ ಸೋಂಕು ಕಾಣದಿದ್ದರೂ ಮೊದಲ ಔಷಧವನ್ನು ಐದು ದಿನ ಅಥವಾ ಹೆಚ್ಚು ಮುಂದುವರಿಸಿದ ಶಿಶುಗಳಲ್ಲಿ ಕರುಳು ಕೊಳೆಯುವ ಮಾರಕ ರೋಗ ಮತ್ತು ಸಾವು ಹೆಚ್ಚಾಗಿ ಕಂಡವು. 2015ರಲ್ಲಿ ಕ್ಯಾಲಿಫೋರ್ನಿಯದ 127 ಶಿಶು ತೀವ್ರ ನಿಗಾ ಘಟಕಗಳ ಲೆಕ್ಕ ಪ್ರಕಟವಾಯಿತು. ಶಿಶುಗಳು ದಾಖಲಾಗಿದ್ದ ಒಟ್ಟು ದಿನಗಳಲ್ಲಿ ಪ್ರತಿಜೀವಕ ಕೊಟ್ಟ ದಿನಗಳು ಒಂದು ಘಟಕದಲ್ಲಿ ನೂರಕ್ಕೆ 2.4 ಇದ್ದರೆ ಇನ್ನೊಂದರಲ್ಲಿ ನೂರಕ್ಕೆ 97.1 ಇದ್ದವು: ನಲವತ್ತು ಪಟ್ಟು ವ್ಯತ್ಯಾಸ! ದೃಢಪಟ್ಟ ಸೋಂಕುಗಳ ಪ್ರಮಾಣದಿಂದ ಈ ವ್ಯತ್ಯಾಸವನ್ನು ವಿವರಿಸಲಾಗಲಿಲ್ಲ. ರೋಗ ಒಂದೇ ಆಗಿದ್ದು ಮದ್ದು ಇಷ್ಟು ಬೇರೆಯಾಗಿದ್ದರೆ, ಆ ಮದ್ದಿನ ದೊಡ್ಡ ಪಾಲು ರೂಢಿಗಾಗಿ ಕೊಟ್ಟದ್ದೇ ಹೊರತು ಅಗತ್ಯಕ್ಕಾಗಿ ಅಲ್ಲವೆಂದು ಹೇಳಲೇಬೇಕಾಗುತ್ತದೆ.

ತಡೆಯುವ ಪ್ರಯತ್ನಗಳೂ ಫಲ ಕೊಟ್ಟಿವೆ. ಡಲ್ಲಾಸ್ ನಗರದ ಪಾರ್ಕ್‌ಲ್ಯಾಂಡ್ ಆಸ್ಪತ್ರೆಯಲ್ಲಿ 48 ಗಂಟೆಗಳಿಗೆ ಔಷಧವನ್ನು ನಿಲ್ಲಿಸಿ ಮರುಪರಿಶೀಲಿಸುವ ನಿಯಮ ತಂದಾಗ ಬಳಕೆ ನೂರಕ್ಕೆ 27ರಷ್ಟು ಇಳಿಯಿತು, ಶಿಶುಗಳಿಗೆ ಕೇಡಾಗಲಿಲ್ಲ ಎಂದು 2016ರಲ್ಲಿ ವರದಿಯಾಯಿತು. ಕ್ಯಾಲಿಫೋರ್ನಿಯದ ಇನ್ನೊಂದು ಆಸ್ಪತ್ರೆ ಸಮೂಹದಲ್ಲಿ ಪ್ರತಿ ಶಿಶುವಿನ ಅಪಾಯವನ್ನು ತಾಯಿಯ ಜ್ವರ, ನೀರುಚೀಲ ಒಡೆದ ಅವಧಿ, ಶಿಶುವಿನ ಸ್ಥಿತಿ ಇವುಗಳಿಂದ ಲೆಕ್ಕ ಹಾಕಿ ನಿರ್ಧರಿಸತೊಡಗಿದ ಮೇಲೆ, ಮೊದಲ ದಿನವೇ ಪ್ರತಿಜೀವಕ ಪಡೆಯುವ ಶಿಶುಗಳು ನೂರಕ್ಕೆ 5ರಿಂದ 2.6ಕ್ಕೆ ಇಳಿದವೆಂದು 2017ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಕೇಡು ಹೆಚ್ಚಲಿಲ್ಲ.

ನಮ್ಮ ದೇಶದ ಎರಡು ಮುಖಗಳು

ಅಮೆರಿಕದ ಲೆಕ್ಕವನ್ನು ಹಾಗೆಯೇ ತಂದು ಭಾರತಕ್ಕೆ ಅನ್ವಯಿಸುವುದು ಸರಿಯಲ್ಲ. ನಮ್ಮಲ್ಲಿ ಸೋಂಕು ಹೆಚ್ಚು, ಮದ್ದು ಸಿಗದೆ ಸಾಯುವ ಶಿಶುಗಳೂ ಉಂಟು. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯಲ್ಲಿ ಡಾ. ಅಭಯ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿಗಳ ‘ಸರ್ಚ್’ ಸಂಸ್ಥೆ 39 ಹಳ್ಳಿಗಳಲ್ಲಿ ನಡೆಸಿದ ಪ್ರಯೋಗ ಇದಕ್ಕೆ ಸಾಕ್ಷಿ. ಅಲ್ಲಿ ತರಬೇತಿ ಪಡೆದ ಹಳ್ಳಿಯ ಹೆಂಗಸರು ಮನೆಮನೆಗೆ ಹೋಗಿ ಶಿಶುವನ್ನು ನೋಡಿ, ತಾಯಿಗೆ ಹಾಲೂಡಿಸಲು ನೆರವಾಗಿ, ಶಿಶುವನ್ನು ಬೆಚ್ಚಗಿಡಲು ಕಲಿಸಿ, ರಕ್ತನಂಜಿನ ನಿಗದಿತ ಲಕ್ಷಣಗಳು ಕಂಡಾಗ ಮಾತ್ರ ಜೆಂಟಾಮೈಸಿನ್ ಚುಚ್ಚುಮದ್ದನ್ನೂ ಕೋಟ್ರಿಮಾಕ್ಸಜೋಲ್ ಸಿರಪ್ಪನ್ನೂ ಕೊಟ್ಟರು. 1999ರಲ್ಲಿ ಪ್ರಕಟವಾದ ವರದಿಯಂತೆ, ಮೂರನೆಯ ವರ್ಷದ ಹೊತ್ತಿಗೆ ಹೋಲಿಕೆಯ ಹಳ್ಳಿಗಳಿಗಿಂತ ಅಲ್ಲಿ ನವಜಾತ ಶಿಶುಗಳ ಸಾವು ನೂರಕ್ಕೆ 62ರಷ್ಟು ಕಡಿಮೆಯಾಗಿತ್ತು. ಇದು ನಿಜವಾದ ಔಷಧದಾನ. ಮದ್ದನ್ನು ತಡೆಹಿಡಿಯುವುದೇ ಅಹಿಂಸೆಯೆಂದು ಯಾರಾದರೂ ತಿಳಿದರೆ ಈ ಹಳ್ಳಿಗಳನ್ನು ನೆನೆಯಬೇಕು.

ಇನ್ನೊಂದು ಮುಖ ರಾಜಧಾನಿಯದು. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ ದಾಖಲಾದ 13,530 ನವಜಾತ ಶಿಶುಗಳನ್ನು ಗಮನಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಸೋಂಕಿಗೆ ಮುಖ್ಯ ಕಾರಣಗಳಾಗಿದ್ದ ಅಸಿನೆಟೊಬ್ಯಾಕ್ಟರ್ ಏಕಾಣುಜೀವಿಗಳಲ್ಲಿ ನೂರಕ್ಕೆ 82, ಕ್ಲೆಬ್ಸಿಯೆಲ್ಲಾಗಳಲ್ಲಿ 54, ಈ ಕೋಲಿಗಳಲ್ಲಿ 38 ಹಲವು ಬಗೆಯ ಪ್ರತಿಜೀವಕಗಳಿಗೆ ಬಗ್ಗದವಾಗಿದ್ದವು. ರಕ್ತನಂಜಿನ ಪ್ರಕರಣಗಳಲ್ಲಿ ಸುಮಾರು ಮೂರರಲ್ಲಿ ಎರಡು ಹುಟ್ಟಿದ 72 ಗಂಟೆಗಳೊಳಗೇ ಕಾಣಿಸಿಕೊಂಡಿದ್ದವು. ಎಂದರೆ, ತನ್ನ ಜೀವನದಲ್ಲಿ ಒಂದು ಮಾತ್ರೆಯನ್ನೂ ಕಾಣದ ಶಿಶು, ಹಿಂದಿನವರು ಬಳಸಿದ ಮದ್ದುಗಳ ಫಲವನ್ನು ಹುಟ್ಟಿದ ಮೂರು ದಿನಗಳಲ್ಲೇ ಉಣ್ಣುತ್ತಿದೆ.

ಇದು ಹೇಗಾಯಿತೆಂಬುದನ್ನು ತಿಳಿಯಬೇಕು. ಪ್ರತಿಜೀವಕವನ್ನು ಕೊಟ್ಟಾಗ ಅದಕ್ಕೆ ಬಗ್ಗುವ ಏಕಾಣುಜೀವಿಗಳು ಸಾಯುತ್ತವೆ, ಬಗ್ಗದ ಕೆಲವು ಉಳಿದು ವೃದ್ಧಿಯಾಗುತ್ತವೆ. ಅಗತ್ಯವಿದ್ದಾಗ ಈ ಬೆಲೆ ತೆರಲೇಬೇಕು. ಅಗತ್ಯವಿಲ್ಲದೆ ಕೊಟ್ಟಾಗ ರೋಗಿಗೆ ಲಾಭವಿಲ್ಲ, ಬಗ್ಗದ ಸಂತತಿ ಮಾತ್ರ ಬೆಳೆಯುತ್ತದೆ. ಅದು ವಾರ್ಡಿನ ತೊಟ್ಟಿಯಲ್ಲಿ, ಕೊಳವೆಯಲ್ಲಿ, ಆರೈಕೆ ಮಾಡುವವರ ಕೈಗಳಲ್ಲಿ ನೆಲೆಸಿ ನಾಳೆ ಹುಟ್ಟುವ ಶಿಶುವಿಗಾಗಿ ಕಾದಿರುತ್ತದೆ. ಒಬ್ಬರ ಮನೆಯ ಹಿತಕ್ಕೆಂದು ಹೆಚ್ಚಾಗಿ ಪಡೆದದ್ದು ಇನ್ನೊಬ್ಬರ ಮನೆಯ ತೊಟ್ಟಿಲನ್ನು ಬರಿದುಮಾಡುತ್ತದೆ. ಅನರ್ಥದಂಡಕ್ಕೆ ಇದಕ್ಕಿಂತ ನೇರವಾದ ನಿದರ್ಶನ ಬೇಕೇ?

ಸೂಕ್ಷ್ಮಜೀವಿಗಳ ಪ್ರಶ್ನೆ

ಏಕಾಣುಜೀವಿಗಳೂ ಜೀವಿಗಳಲ್ಲವೇ, ಅವುಗಳನ್ನು ಕೊಲ್ಲುವ ಮದ್ದನ್ನು ಶ್ರಾವಕರು ಬಳಸಬಹುದೇ ಎಂದು ಕೆಲವು ಶ್ರದ್ಧಾವಂತರು ಕೇಳುವುದುಂಟು. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ಬಿಡಬೇಕು. ಸಂಸಾರವನ್ನು ನಡೆಸುವಲ್ಲಿ, ಪ್ರಾಣವನ್ನು ಕಾಯುವಲ್ಲಿ ಅನಿವಾರ್ಯವಾಗಿ ಒದಗುವ ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಯತ್ನದಿಂದ ಮಿತಗೊಳಿಸಬೇಕು ಎಂಬುದು ನಮ್ಮ ಆಚಾರದ ನಿಲುವು. ರಕ್ತನಂಜಿನಿಂದ ನರಳುವ ಶಿಶುವಿಗೆ ಮದ್ದು ಕೊಡುವುದರಲ್ಲಿ ಈ ದೃಷ್ಟಿಯಿಂದ ಸಂಕೋಚಕ್ಕೆ ಎಡೆಯಿಲ್ಲ. ಆದರೆ ಮಿತಗೊಳಿಸಬೇಕೆಂಬ ಮಾತು ಅಲ್ಲಿಯೇ ಇದೆ, ಅದನ್ನು ಮರೆಯಬಾರದು.

ಇಲ್ಲಿ ವಿಜ್ಞಾನವೂ ನಮ್ಮ ದೃಷ್ಟಿಗೆ ಹತ್ತಿರ ಬರುತ್ತದೆ. ಹುಟ್ಟುವಾಗ ತಾಯಿಯಿಂದಲೂ ಆಮೇಲೆ ಎದೆಹಾಲಿನಿಂದಲೂ ಬರುವ ಅಸಂಖ್ಯ ಸೂಕ್ಷ್ಮಜೀವಿಗಳು ಶಿಶುವಿನ ಕರುಳಿನಲ್ಲಿ ನೆಲೆಸುತ್ತವೆ. ಅವು ಹಾಲನ್ನು ಅರಗಿಸಲು ನೆರವಾಗುತ್ತವೆ, ರೋಗಕಾರಕಗಳಿಗೆ ಜಾಗ ಬಿಟ್ಟುಕೊಡದೆ ಕಾಯುತ್ತವೆ, ದೇಹದ ರಕ್ಷಣಾಶಕ್ತಿಯನ್ನು ಪಳಗಿಸುತ್ತವೆ. ಪ್ರತಿಜೀವಕವು ಶತ್ರು ಮಿತ್ರರೆಂಬ ಭೇದವಿಲ್ಲದೆ ಇವನ್ನೂ ಅಳಿಸುತ್ತದೆ. ಜೀವಗಳು ಒಂದಕ್ಕೊಂದು ಉಪಕಾರಿಗಳಾಗಿ ಬಾಳುತ್ತವೆಂಬ ನಮ್ಮ ಸಿದ್ಧಾಂತಕ್ಕೆ ಹಸುಗೂಸಿನ ಪುಟ್ಟ ಒಡಲೇ ಉದಾಹರಣೆ.

ಶ್ರಾವಕರೂ ಧರ್ಮಸಂಸ್ಥೆಗಳೂ ಮಾಡಬಹುದಾದುದು

ಶಿಶು ಆಸ್ಪತ್ರೆಯಲ್ಲಿರುವಾಗ ಮನೆಯವರು ವೈದ್ಯರ ಮೇಲೆ ‘ಇನ್ನೂ ಬಲವಾದ ಮದ್ದು ಕೊಡಿ’ ಎಂದು ಒತ್ತಡ ಹೇರಬಾರದು. ಹಾಗೆಯೇ, ಈ ಲೇಖನವನ್ನು ಓದಿ ಮದ್ದನ್ನು ನಿರಾಕರಿಸುವುದಾಗಲಿ, ತಾವಾಗಿ ನಿಲ್ಲಿಸುವುದಾಗಲಿ ಖಂಡಿತ ಕೂಡದು; ಅದು ಪ್ರಾಣಾಪಾಯ. ವಿನಯದಿಂದ ಕೆಲವು ಪ್ರಶ್ನೆಗಳನ್ನು ಕೇಳಬಹುದು: ಯಾವ ಕಾರಣಕ್ಕೆ ಈ ಮದ್ದು ಆರಂಭವಾಯಿತು? ಆರಂಭಿಸುವ ಮೊದಲು ಕಲ್ಚರ್‌ಗೆ ರಕ್ತ ತೆಗೆದಿದ್ದೀರಾ? ವರದಿ ಯಾವಾಗ ಬರುತ್ತದೆ? ಸೋಂಕಿಲ್ಲವೆಂದು ಬಂದರೆ ಎಂದು ನಿಲ್ಲಿಸುವಿರಿ? ಒಳ್ಳೆಯ ವೈದ್ಯರು ಇಂತಹ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ಬಂಧುಗಳೆಲ್ಲ ಬಂದು ಶಿಶುವನ್ನು ಎತ್ತಿ ಮುದ್ದಿಸುವುದನ್ನು, ಎದೆಹಾಲಿಗೆ ಮೊದಲು ಸಕ್ಕರೆ ನೀರು ಕುಡಿಸುವುದನ್ನು, ಬಜೆ ತೇದು ನೆಕ್ಕಿಸುವುದನ್ನು ಬಿಡಬೇಕು. ನೀರನ್ನು ಸೋಸದೆ ಕುಡಿಯದ ಮನೆತನದವರು ಕೈ ತೊಳೆಯದೆ ಶಿಶುವನ್ನು ಮುಟ್ಟಬಾರದು. ಎರಡೂ ಒಂದೇ ಎಚ್ಚರದ ಎರಡು ರೂಪಗಳು.

ಬಸದಿಗಳ ವಿಶ್ವಸ್ತ ಮಂಡಳಿಗಳಿಗೆ ಹೇಳಬೇಕಾದದ್ದು ಇನ್ನೂ ಮುಖ್ಯ. ಔಷಧದಾನವೆಂದರೆ ದುಬಾರಿ ಚುಚ್ಚುಮದ್ದುಗಳ ಬಿಲ್ಲನ್ನು ತೆರುವುದಷ್ಟೇ ಅಲ್ಲ. ಜಿಲ್ಲಾ ಆಸ್ಪತ್ರೆಯ ಶಿಶು ಘಟಕಕ್ಕೆ ಕಲ್ಚರ್ ಪರೀಕ್ಷೆಯ ಸೌಲಭ್ಯ ಒದಗಿಸಿದರೆ ವೈದ್ಯರು ಊಹೆಯ ಮೇಲೆ ಮದ್ದು ಕೊಡುವುದು ತಪ್ಪುತ್ತದೆ. ಅದು ಔಷಧದಾನವೂ ಹೌದು, ಶಾಸ್ತ್ರದಾನವೂ ಹೌದು. ಪ್ರತಿ ತೊಟ್ಟಿಲಿನ ಬಳಿ ಕೈ ತೊಳೆಯಲು ನಲ್ಲಿ, ಸಾಬೂನು ಒದಗಿಸಬಹುದು. ಒಬ್ಬ ದಾದಿಯ ಸಂಬಳವನ್ನು ವರ್ಷಪೂರ್ತಿ ವಹಿಸಿಕೊಳ್ಳಬಹುದು. ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕು 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಆರಂಭವಾಯಿತು. ಅಂಥದೊಂದನ್ನು ನಮ್ಮೂರುಗಳಲ್ಲಿ ಸ್ಥಾಪಿಸಲು ನೆರವಾಗಬಹುದು.

ತಾಯಂದಿರಿಗಾಗಿ ಶಿಶು ಘಟಕದೊಳಗೇ ಹಾಸಿಗೆಗಳನ್ನು ಕೊಡಿಸುವುದು ಎಲ್ಲಕ್ಕಿಂತ ಸರಳವಾದ ದಾನ. ಕಡಿಮೆ ತೂಕದ ಶಿಶುವನ್ನು ಹುಟ್ಟಿದೊಡನೆ ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಇಡುವ ಕಾಂಗರೂ ಆರೈಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ಪರೀಕ್ಷಿಸಿತು. ಭಾರತದಲ್ಲಿ ಈ ಪರೀಕ್ಷೆ ನಡೆದದ್ದು ದೆಹಲಿಯ ವರ್ಧಮಾನ ಮಹಾವೀರ ವೈದ್ಯಕೀಯ ಮಹಾವಿದ್ಯಾಲಯ ಮತ್ತು ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹೀಗೆ ಆರೈಕೆ ಪಡೆದ ಶಿಶುಗಳಲ್ಲಿ 28 ದಿನಗಳೊಳಗಿನ ಸಾವು ನೂರಕ್ಕೆ 12. ಮೊದಲು ಶಿಶುವನ್ನು ಪ್ರತ್ಯೇಕವಾಗಿಟ್ಟು ಸ್ಥಿತಿ ಸುಧಾರಿಸಿದ ಮೇಲೆ ತಾಯಿಯ ಬಳಿಗೆ ಕೊಡುವ ಎಂದಿನ ಕ್ರಮದಲ್ಲಿ ನೂರಕ್ಕೆ 15.7. ರಕ್ತನಂಜಿನ ಸಂಶಯಕ್ಕೆ ಎಡೆಯಾದ ಪ್ರಕರಣಗಳೂ ಕಡಿಮೆಯಾದವು. ತಾಯಿಯ ಎದೆಯ ಬಿಸುಪು ಮಾಡಿದ ಕೆಲಸ ಇದು. ಮಹಾವೀರ ಸ್ವಾಮಿಯ ಹೆಸರು ಹೊತ್ತ ಸಂಸ್ಥೆಯಲ್ಲಿ ಅಭಯದಾನದ ಈ ಅರ್ಥ ಬೆಳಗಿತೆಂಬುದು ನಮಗೆಲ್ಲ ಸಂತೋಷದ ವಿಷಯ.

ಸ್ವಂತ ಆಸ್ಪತ್ರೆಗಳನ್ನು ನಡೆಸುವ ಸಂಸ್ಥೆಗಳು ವರ್ಷಕ್ಕೊಮ್ಮೆ ಒಂದು ಲೆಕ್ಕವನ್ನು ಕೇಳಲಿ: ಎಷ್ಟು ಶಿಶುಗಳು ದಾಖಲಾದವು, ಎಷ್ಟಕ್ಕೆ ಪ್ರತಿಜೀವಕ ಕೊಡಲಾಯಿತು, ಕಲ್ಚರ್‌ನಲ್ಲಿ ಸೋಂಕು ಕಾಣದ ಮೇಲೂ ಎಷ್ಟು ದಿನ ಮುಂದುವರಿಯಿತು? ಹಣದ ಲೆಕ್ಕಪತ್ರವನ್ನು ಕಾಸು ಕಾಸಿಗೂ ಪರಿಶೀಲಿಸುವ ನಮಗೆ ಪ್ರಾಣದ ಲೆಕ್ಕ ಕೇಳುವುದು ಹೊರೆಯಾಗಬಾರದು. ಲಾಸ್ ಏಂಜಲೀಸ್‌ನ ಆ ಶಿಶುಗಳು ಸತ್ತದ್ದು ಪ್ರೀತಿಯ ಕೊರತೆಯಿಂದಲ್ಲ. ಅವುಗಳ ಅನಂತರ ಹುಟ್ಟಿದ ಶಿಶುಗಳು ಉಳಿದದ್ದು, ಯಾರೋ ಮೂವರು ಕುಳಿತು ಎಣಿಸಿದ್ದರಿಂದ. ದಯೆಗೆ ಎಚ್ಚರ ಜೊತೆಯಾದಾಗಲೇ ಅದು ಧರ್ಮವಾಗುತ್ತದೆ. ಔಷಧದಾನಕ್ಕೂ ಅನರ್ಥದಂಡಕ್ಕೂ ನಡುವಿನ ಅಂತರ ಆ ಎಚ್ಚರವೊಂದೇ.